ಗೇಟು ಒಂಚೂರು ತೆರೆಯಲಿ

ಬೆಂಗಳೂರಿನಿಂದ ಬರುವ ನೆಂಟರಿಗೆ ಚೆನ್ನೈಯಲ್ಲಿ ಏನು ತೋರಿಸುವುದು ಅನ್ನುವುದು ಇಲ್ಲಿನ ಕನ್ನಡಿಗರಿಗೆಲ್ಲ ಇರುವ ಹಳೇ ಫಜೀತಿ. ಮೊದಲ ದಿನ ಮರೀನಾ, ಎರಡನೇ ದಿನ ಕಪಾಲೀಶ್ವರ, ಪಾರ್ಥಸಾರಥಿ, ಸಂಜೆ ಟಿ. ನಗರದಲ್ಲಿ ಸೀರೆ ಅಂಗಡಿ. ಮೂರನೇ ದಿನ ಬೆಳಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಎಲ್ಲಾ ಸರಿ, ಆದ್ರೆ ನಿಮ್ಮೂರಲ್ಲಿ ನಮ್ಮ ಲಾಲ್‌ಬಾಗ್ ಥರ ಒಂದು ಜಾಗ ಇಲ್ಲ ನೋಡಿ." ಮೂವತ್ತು ವರ್ಷ ಇಲ್ಲಿ ಬೆವರು ಸುರಿಸಿದ ಮೇಲೆ ಇದು "ನಿಮ್ಮೂರು" ಆಗಿಬಿಟ್ಟಿದೆ. ಇಲ್ಲಿ ಬೀದಿಯವರಿಗೆ ಮಾತ್ರ ನಾವು ಇವತ್ತಿಗೂ "ಬೆಂಗಳೂರುಕಾರರು". ಇರಲಿ, ಅದು ಬೇರೆ ಕಥೆ.

ನೆಂಟರ ಆ ಮಾತಿಗೆ ನನ್ನ ಹತ್ತಿರ ಉತ್ತರ ಇದೆ. ಮದ್ರಾಸಿಗೆ ತೋಟಗಳ ಬರ ಯಾವತ್ತೂ ಇರಲಿಲ್ಲ. ಬೆಂಗಳೂರಿಗೆ ಒಂದು ಲಾಲ್‌ಬಾಗ್, ಒಂದು ಕಬ್ಬನ್ ಪಾರ್ಕ್ ಇದ್ದರೆ ಇಲ್ಲಿ ನೂರಾರು ತೋಟಗಳಿದ್ದವು. ಆದರೆ ಪ್ರತಿಯೊಂದಕ್ಕೂ ಒಂದು ಕಾಂಪೌಂಡು, ಒಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಈಗಲೂ ಇಲ್ಲಿನ ವಿಳಾಸಗಳನ್ನು ಓದಿ ನೋಡಿ. ಕೀಲ್ಪಾಕ್ ಗಾರ್ಡನ್, ಪೋಯಸ್ ಗಾರ್ಡನ್, ಲ್ಯಾಂಡನ್ಸ್ ಗಾರ್ಡನ್... ಹೆಸರು ನಂಬಿ ಮರ ಹುಡುಕಿಕೊಂಡು ಹೋದರೆ ಸಿಗುವುದು ಅಪಾರ್ಟ್‌ಮೆಂಟು, ಅದರ ಮುಂದೆ ಕುಂಡದಲ್ಲಿ ಎರಡು ಕ್ರೋಟನ್ ಗಿಡ. (ಪೋಯಸ್ ಗಾರ್ಡನ್ ಹೆಸರನ್ನು ದೇಶಕ್ಕೆಲ್ಲ ಗೊತ್ತು ಮಾಡಿದವರು ಜಯಲಲಿತಾ ಮತ್ತು ರಜನೀಕಾಂತ್. ಒಬ್ಬರು ಹುಟ್ಟಿದ್ದು ಮೇಲುಕೋಟೆಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಆ ಲೆಕ್ಕದಲ್ಲಿ ಅದು ನಮ್ಮದೇ ತೋಟ!)

ಈ ತೋಟಗಳ ಮೂಲ ಸ್ವಲ್ಪ ಹೇಳಬೇಕು. ಹದಿನೆಂಟನೇ ಶತಮಾನದಲ್ಲಿ ಸೇಂಟ್ ಜಾರ್ಜ್ ಕೋಟೆಯ ಒಳಗೆ ಇಕ್ಕಟ್ಟು, ಸೆಕೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಕಂಪನಿ ಅಧಿಕಾರಿಗಳು, ವ್ಯಾಪಾರಿಗಳು ಊರ ಹೊರಗೆ ಜಾಗ ಮಾಡಿಕೊಂಡು ತೋಟದ ಮನೆ ಕಟ್ಟಿಸತೊಡಗಿದರು. ಎಗ್ಮೋರ್, ನುಂಗಂಬಾಕ್ಕಂ, ರಾಯಪೇಟೆ, ಅಡ್ಯಾರ್ ನದಿಯ ದಂಡೆ, ಹೀಗೆ. ನಡುವೆ ದಪ್ಪ ಕಂಬಗಳ ಮಹಡಿ ಮನೆ, ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಲೋಳೆ ಸೇರಿಸಿ ಅಮೃತಶಿಲೆಯ ಹಾಗೆ ಹೊಳೆಯುವವರೆಗೂ ತಿಕ್ಕಿದ ಗಾರೆ, ಸುತ್ತ ಎಕರೆಗಟ್ಟಲೆ ಮಾವು, ಹುಣಸೆ, ಆಲ. ಗಾಡಿ ಗೇಟಿನಿಂದ ಮನೆ ಬಾಗಿಲಿಗೆ ಬರುವುದೇ ಒಂದು ಸಣ್ಣ ಪ್ರಯಾಣ.

ಈ ತೋಟದ ಮನೆಗಳಿಗೆ ನಮ್ಮ ಕಡೆಯಿಂದಲೂ ಒಬ್ಬ ಅತಿಥಿ ಬಂದಿದ್ದ, ಯಾರೂ ಕರೆಯದೆ. 1767ರಲ್ಲಿ, ಮೊದಲನೇ ಮೈಸೂರು ಯುದ್ಧದ ಹೊತ್ತಿನಲ್ಲಿ, ಇನ್ನೂ ಹದಿನೇಳರ ಆಸುಪಾಸಿನ ಹುಡುಗ ಟಿಪ್ಪು ಕುದುರೆ ಪಡೆ ಕಟ್ಟಿಕೊಂಡು ಮದ್ರಾಸಿನ ಹೊರವಲಯಕ್ಕೇ ನುಗ್ಗಿ, ದೊರೆಗಳ ತೋಟದ ಮನೆಗಳನ್ನು ದೋಚಿಕೊಂಡು ಹೋದ. ಗವರ್ನರೂ ಅವನ ಕೌನ್ಸಿಲಿನವರೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ಅದಕ್ಕೆ ಏಳು ವರ್ಷ ಮೊದಲು, 1760ರಲ್ಲಿ, ಇದೇ ಹುಡುಗನ ಅಪ್ಪ ಹೈದರ್ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಲು ಶುರು ಮಾಡಿದ್ದ. ಕಾಲಚಕ್ರ ತಿರುಗಿತು. 1792ರ ಒಪ್ಪಂದದ ಮೇಲೆ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳೇ ಒತ್ತೆಯಾಳುಗಳಾಗಿ ಮದ್ರಾಸಿಗೆ ಬಂದರು. ಅವರ ಉಸ್ತುವಾರಿ ನೋಡಿಕೊಂಡ ಡವ್ಟನ್ ಎಂಬ ಸೇನಾಧಿಕಾರಿಯ ಹೆಸರಿನ ತೋಟದ ಮನೆ ನುಂಗಂಬಾಕ್ಕಂನಲ್ಲಿ ಈಗಲೂ ಇದೆ, ವುಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಒಳಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಗೆಲುವಿನ ನೆನಪಿಗೆ ಇಲ್ಲಿನ ಗವರ್ನರ್ ತನ್ನ ತೋಟದಲ್ಲಿ ಒಂದು ಔತಣದ ಮಂಟಪ ಕಟ್ಟಿಸಿದ. 1802ರಲ್ಲಿ ಮುಗಿದ ಆ ಕಟ್ಟಡವೇ ಇವತ್ತಿನ ರಾಜಾಜಿ ಹಾಲ್. ನಮ್ಮವರು ಸೋತದ್ದಕ್ಕೆ ಕಟ್ಟಿದ ಊಟದ ಮನೆ ಅದು ಅಂತ ಮೌಂಟ್ ರೋಡಿನಲ್ಲಿ ಬಸ್ಸಿಗೆ ಕಾಯುವ ಎಷ್ಟು ಕನ್ನಡಿಗರಿಗೆ ಗೊತ್ತಿದೆಯೋ!

ರಾಜಾಜಿ ಹಾಲ್ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಅದು ಇದ್ದದ್ದು ಗವರ್ನಮೆಂಟ್ ಹೌಸ್ ಎಂಬ ದೊಡ್ಡ ಬಂಗಲೆಯ ಆವರಣದಲ್ಲಿ. ಕಂಪನಿ ಅದನ್ನು ಕೊಂಡದ್ದು 1750ರ ದಶಕದಲ್ಲಿ, ಸುತ್ತ ಜಿಂಕೆ ಓಡಾಡುವಷ್ಟು ದೊಡ್ಡ ಜಾಗ. ಸ್ವಾತಂತ್ರ್ಯ ಬಂದ ಮೇಲೆ ಅದು ಸರ್ಕಾರಿ ಎಸ್ಟೇಟು ಆಯಿತು, ಒಳಗೆ ಒಂದೊಂದಾಗಿ ಕಟ್ಟಡ ಎದ್ದವು. ಸಾಮಾನ್ಯ ಜನಕ್ಕೆ ಅಲ್ಲೇನು ಕೆಲಸ? ಜನ ಅಲ್ಲಿ ಸಾಗರವಾಗಿ ಸೇರಿದ್ದು ದೊಡ್ಡವರ ಸಾವಿನ ದಿನ. ಅಣ್ಣಾದುರೈ, 1987ರಲ್ಲಿ ಎಂಜಿಆರ್, 2016ರಲ್ಲಿ ಜಯಲಲಿತಾ, 2018ರಲ್ಲಿ ಕರುಣಾನಿಧಿ, ಎಲ್ಲರ ಅಂತಿಮ ದರ್ಶನ ಆ ಮೆಟ್ಟಿಲುಗಳ ಮೇಲೆಯೇ. ಇನ್ನುಳಿದ ದಿನ ಗೇಟು ಮುಚ್ಚಿರುತ್ತಿತ್ತು. ಹೊಸ ವಿಧಾನಸಭೆ ಕಟ್ಟಲು ಆ ಹಳೇ ಗವರ್ನಮೆಂಟ್ ಹೌಸನ್ನು ಕೆಡವಿದಾಗ ಏನಾಯಿತು? ಇತಿಹಾಸ ಪ್ರಿಯರು ನಾಲ್ಕು ಜನ ಪತ್ರಿಕೆಗೆ ಬರೆದರು, ಅಷ್ಟೇ. ಹೊಸ ಕಟ್ಟಡ 2010ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, 2011ರಲ್ಲಿ ಸರ್ಕಾರ ಬದಲಾಯಿತು, 2014ರಲ್ಲಿ ಅದೇ ಕಟ್ಟಡ ಆಸ್ಪತ್ರೆಯಾಯಿತು. ಆಸ್ಪತ್ರೆ ಒಳ್ಳೆಯದೇ, ಬಡವರಿಗೆ ಉಪಯೋಗವಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಇನ್ನೂರೈವತ್ತು ವರ್ಷದ ಒಂದು ತೋಟದ ಮನೆ ಹೋಯಿತಲ್ಲ, ಅದಕ್ಕೆ ಊರಿನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಯಾಕೆ ಬರಬೇಕು? ಆ ಮರಗಳ ಕೆಳಗೆ ಯಾರೂ ನಡೆದಿರಲಿಲ್ಲ. ಯಾರ ಮಗುವೂ ಅಲ್ಲಿ ಹುಣಸೆಕಾಯಿ ಹೆಕ್ಕಿರಲಿಲ್ಲ. ಜನ ಕಾಲಿಡದ ತೋಟ ಸತ್ತರೆ ಅಳುವವರಿಲ್ಲ.

ಇದಕ್ಕೆ ತದ್ವಿರುದ್ಧದ ಕಥೆ ವುಡ್‌ಲ್ಯಾಂಡ್ಸ್‌ದು, ಅದು ನಮ್ಮವರದೇ ಕಥೆ. ತುಳುನಾಡಿನ ಕಡಂದಲೆಯಿಂದ ಬಂದು ಮದ್ರಾಸಿನಲ್ಲಿ ಹೋಟೆಲು ಮಾಡಿದ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ರಾಯಪೇಟೆಯ ಒಂದು ತೋಟದ ಮನೆಯನ್ನು ಲೀಸಿಗೆ ಹಿಡಿದರು. ರಾಮನಾಡಿನ ರಾಜರಿಗೆ ಸೇರಿದ್ದ ಆ ಬಂಗಲೆಯ ಹೆಸರೇ ವುಡ್‌ಲ್ಯಾಂಡ್ಸ್. ಅದೇ ಹೆಸರು ಹೋಟೆಲಿಗೂ ಬಂತು. ಆಮೇಲೆ ಊರೂರಿನಲ್ಲಿ, ಹೊರದೇಶಗಳಲ್ಲೂ, ಇಡ್ಲಿ ಸಾಂಬಾರಿನ ಜೊತೆ ಅಂಟಿಕೊಂಡ ಆ ಹೆಸರು ಹುಟ್ಟಿದ್ದು ಮದ್ರಾಸಿನ ಒಂದು ತೋಟದಿಂದ. 1952ರಲ್ಲಿ ಮೈಲಾಪುರದ ಕಡೆ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕೆಥೀಡ್ರಲ್ ರೋಡಿನಲ್ಲಿ, 1835ರಲ್ಲಿ ಹುಟ್ಟಿದ ಅಗ್ರಿ ಹಾರ್ಟಿಕಲ್ಚರಲ್ ಸೊಸೈಟಿಯವರ ಹಳೇ ತೋಟದ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಶುರುವಾಯಿತು.

ಡ್ರೈವ್ ಇನ್ ನೋಡಿದವರಿಗೆ ಹೇಳುವುದು ಬೇಡ, ನೋಡದವರಿಗೆ ಹೇಗೆ ಹೇಳಿದರೂ ಪೂರ್ತಿಯಾಗುವುದಿಲ್ಲ. ದೊಡ್ಡ ದೊಡ್ಡ ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಮಾಣಿ ಬಂದು ಕಿಟಕಿಗೆ ತಟ್ಟೆ ಸಿಕ್ಕಿಸಿ ಹೋಗುತ್ತಿದ್ದ. ಕಾರಿಲ್ಲದ ನಮ್ಮಂಥವರು ಒಳಗೆ ಹಾಲಿನಲ್ಲಿ ಕೂರುತ್ತಿದ್ದೆವು. ಸಿನಿಮಾದವರು ಕಥೆ ಹೊಸೆಯುತ್ತಾ, ಮೆಡಿಕಲ್ ರೆಪ್‌ಗಳು ಬ್ಯಾಗಿಗೊರಗಿ ತೂಕಡಿಸುತ್ತಾ, ಪ್ರೇಮಿಗಳು ಯಾರಿಗೂ ಕಾಣದ ಹಾಗೆ, ಹೆಣ್ಣು ನೋಡಲು ಬಂದವರು ಎಲ್ಲರಿಗೂ ಕಾಣುವ ಹಾಗೆ... ಒಂದು ಕಾಫಿಗೆ ಎರಡು ಗಂಟೆ ಕೂತರೂ ಎಬ್ಬಿಸುತ್ತಿರಲಿಲ್ಲ. ಕನ್ನಡದಲ್ಲಿ "ಇನ್ನೊಂದು ಕಾಫಿ ಕೊಡಿ" ಅಂದರೆ ಡಿಕಾಕ್ಷನ್ ಒಂದು ಹನಿ ಜಾಸ್ತಿ ಬೀಳುತ್ತಿತ್ತು, ಅಥವಾ ನಮಗೆ ಹಾಗನ್ನಿಸುತ್ತಿತ್ತು. 2008ರಲ್ಲಿ ಸರ್ಕಾರ ಜಾಗ ವಾಪಸ್ ತೆಗೆದುಕೊಂಡು ಡ್ರೈವ್ ಇನ್ ಮುಚ್ಚಿದಾಗ ಚೆನ್ನೈ ಚೆನ್ನೈಯೇ ಅತ್ತಿತು. ತಮಿಳರು, ತೆಲುಗರು, ಮಾರ್ವಾಡಿಗಳು, ಎಲ್ಲರೂ. ಅತ್ತದ್ದು ದೋಸೆಗೆ ಮಾತ್ರ ಅಂತ ನನಗನ್ನಿಸುವುದಿಲ್ಲ, ದೋಸೆ ಬೇರೆ ಕಡೆಯೂ ಸಿಗುತ್ತಿತ್ತು. ಒಂದು ತೋಟದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕೂರುವ ಹಕ್ಕು ಒಂದು ಕಾಫಿಯ ಬೆಲೆಗೆ ಸಿಗುತ್ತಿತ್ತು, ಅದು ಹೋಯಿತು.

ಅಲ್ಲಿ 2010ರ ನವೆಂಬರಿನಲ್ಲಿ ಸೆಮ್ಮೊಳಿ ಪೂಂಗಾ ತೆರೆಯಿತು. ಸೆಮ್ಮೊಳಿ ಅಂದರೆ ಶಾಸ್ತ್ರೀಯ ಭಾಷೆ, ಪೂಂಗಾ ಅಂದರೆ ಉದ್ಯಾನ. (ಡ್ರೈವ್ ಇನ್ ಮುಚ್ಚಿದ 2008ರಲ್ಲೇ ನಮ್ಮ ಕನ್ನಡಕ್ಕೂ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಹೆಸರಿನಲ್ಲಾದರೂ ನಮಗೊಂದು ಪಾಲು ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳಬಹುದು.) ವುಡ್‌ಲ್ಯಾಂಡ್ಸ್ ಅಭಿಮಾನಿಗಳು ಇವತ್ತಿಗೂ ಆ ಪಾರ್ಕನ್ನು ಬಯ್ಯುತ್ತಾರೆ. ನಾನು ಬಯ್ಯುವುದಿಲ್ಲ. ಹಳೇ ಮರಗಳಲ್ಲಿ ಬಹಳಷ್ಟನ್ನು ಉಳಿಸಿಕೊಂಡಿದ್ದಾರೆ. ಕಾಫಿಗೂ ದುಡ್ಡಿಲ್ಲದವನು ಸಣ್ಣ ಟಿಕೆಟ್ಟು ಕೊಟ್ಟು ಒಳಗೆ ಬರುತ್ತಾನೆ. ಭಾನುವಾರ ಸಂಜೆ ವ್ಯಾಸರ್ಪಾಡಿ, ಪೆರಂಬೂರಿನ ಕಡೆಯಿಂದ ಬಂದ ಕುಟುಂಬಗಳು ಹುಲ್ಲಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತಿರುವುದು ನೋಡಿದರೆ ಡ್ರೈವ್ ಇನ್‌ಗಿಂತ ಇದು ಹೆಚ್ಚು ಜನರ ತೋಟ ಅನ್ನಿಸುತ್ತದೆ. ಆದರೆ ಅದೇ ರಸ್ತೆಯಲ್ಲಿ 2024ರ ಅಕ್ಟೋಬರಿನಲ್ಲಿ ತೆರೆದ ಕಲೈಞರ್ ಶತಮಾನೋತ್ಸವ ಪಾರ್ಕಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಸುಮಾರು ಆರು ಎಕರೆಯಲ್ಲಿ ಜಿಪ್‌ಲೈನು, ಸಂಗೀತ ಕಾರಂಜಿ, ಗಾಜಿನ ಮನೆ, ದೊಡ್ಡವರಿಗೆ ನೂರು ರೂಪಾಯಿ ಟಿಕೆಟ್ಟು. ಮಕ್ಕಳಿಗೆ ಖುಷಿಯಾಗುತ್ತದೆ, ಒಪ್ಪಿದೆ. ಆದರೆ ಅದು ಜಾತ್ರೆ, ತೋಟ ಅಲ್ಲ. ತೋಟದಲ್ಲಿ ನೋಡುವುದಕ್ಕೆ ಏನೂ ಇರಬಾರದು ಅನ್ನುವಷ್ಟು ಹಟ ನನ್ನದು!

ಈ ಹಟ ಬಂದಿದ್ದು ಅಡ್ಯಾರಿನಿಂದ. ಈಗ ಅಲ್ಲಿಗೆ ಹೋಗೋಣ.

ಅಡ್ಯಾರ್ ನದಿ ಸಮುದ್ರ ಸೇರುವ ಜಾಗದಲ್ಲಿ, ದಕ್ಷಿಣ ದಂಡೆಯ ಮೇಲೆ ಹಡಲ್‌ಸ್ಟನ್ ಗಾರ್ಡನ್ಸ್ ಅಂತ ಒಂದು ತೋಟದ ಮನೆ ಇತ್ತು. 1875ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಸ್ಥಾಪಿಸಿದ ಕರ್ನಲ್ ಆಲ್ಕಾಟ್ ಮತ್ತು ಮೇಡಂ ಬ್ಲಾವಟ್ಸ್ಕಿ 1882ರಲ್ಲಿ ಅದನ್ನು ಕೊಂಡು ಬೊಂಬಾಯಿಂದ ಇಲ್ಲಿಗೆ ಬಂದರು. ಆಗ ಇದ್ದದ್ದು 27 ಎಕರೆ. ಆಲ್ಕಾಟ್ 1907ರಲ್ಲಿ ತೀರಿಕೊಂಡ ಮೇಲೆ ಅಧ್ಯಕ್ಷೆಯಾದ ಆನಿ ಬೆಸೆಂಟ್ ಅಕ್ಕಪಕ್ಕದ ತೋಟಗಳನ್ನು ಒಂದೊಂದಾಗಿ ಸೇರಿಸಿಕೊಂಡರು. ಈಗ ಒಟ್ಟು ಸುಮಾರು 260 ಎಕರೆ. ಲಾಲ್‌ಬಾಗ್ 240. ನೆಂಟರಿಗೆ ಈ ಲೆಕ್ಕ ಒಪ್ಪಿಸುವಾಗ ನನಗೊಂದು ಸಣ್ಣ ಖುಷಿ. (ಬೆಂಗಳೂರಿನವರಿಗೆ ಬೆಸೆಂಟ್ ಅಮ್ಮ ಹೊರಗಿನವರೇನಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಶುರುವಾದದ್ದು ಅವರ ರಾಷ್ಟ್ರೀಯ ಶಿಕ್ಷಣದ ಹುರುಪಿನಲ್ಲೇ.)

ಒಳಗೆ ಏನಿದೆ? ಮಣ್ಣಿನ ದಾರಿಗಳಿವೆ. ದಾರಿಯ ಮೇಲೆ ಒಣಗಿದ ಎಲೆ, ಯಾರೂ ಗುಡಿಸಿ ಸುಟ್ಟಿರುವುದಿಲ್ಲ. ಹತ್ತು ನಿಮಿಷ ನಡೆದರೆ ಅಡ್ಯಾರ್ ಸೇತುವೆಯ ಮೇಲಿನ ಹಾರನ್ನು ಒಂದೊಂದಾಗಿ ಕರಗಿ, ನಿಮ್ಮ ಚಪ್ಪಲಿಯ ಸದ್ದು ನಿಮಗೇ ಕೇಳಿಸಲು ಶುರುವಾಗುತ್ತದೆ. ಮರದ ತುಂಬಾ ತಲೆಕೆಳಗಾಗಿ ನೇತಾಡುವ ಬಾವಲಿಗಳು, ದಾರಿ ದಾಟುವ ಮುಂಗುಸಿ. ಅಲ್ಲೊಂದು ಪುಟ್ಟ ದೇವಸ್ಥಾನ, ಇಲ್ಲೊಂದು ಚರ್ಚು, ಬೌದ್ಧ ಗುಡಿ, ಮಸೀದಿ. ಯಾವುದರಲ್ಲೂ ಮೈಕಿಲ್ಲ, ಅದೇ ದೊಡ್ಡ ಆಶ್ಚರ್ಯ! 1886ರಲ್ಲಿ ಶುರುವಾದ ಅಡ್ಯಾರ್ ಲೈಬ್ರರಿ. ಇಟಲಿಯ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದು ಈ ತೋಟದಲ್ಲೇ. ರುಕ್ಮಿಣಿ ದೇವಿಯವರ ಕಲಾಕ್ಷೇತ್ರ 1936ರಲ್ಲಿ ಹುಟ್ಟಿದ್ದೂ ಇಲ್ಲಿನ ಮರದ ನೆರಳಲ್ಲೇ, ತಿರುವಾನ್ಮಿಯೂರಿಗೆ ಹೋದದ್ದು ಆಮೇಲೆ.

ಮತ್ತೆ ಆ ಆಲದ ಮರ. ಬರುವವರೆಲ್ಲ ಮೊದಲು ಕೇಳುವುದು ಅದನ್ನೇ. ನಾನೂರಕ್ಕೂ ಹೆಚ್ಚು ವರ್ಷದ್ದು ಅನ್ನುತ್ತಾರೆ, ಹತ್ತಿರ ಹತ್ತಿರ ಒಂದು ಎಕರೆ ಹಬ್ಬಿದೆ. 1989ರ ಬಿರುಗಾಳಿಗೆ ನಡುವಿನ ತಾಯಿ ಕಾಂಡ ಉರುಳಿತು. ಈಗ ನಾವು ನೋಡುವುದೆಲ್ಲ ಬಿಳಲುಗಳೇ ನೆಲ ಹಿಡಿದು ಕಾಂಡವಾದದ್ದು. ಹೊಸಬರು ಬಂದು "ಮೇನ್ ಮರ ಎಲ್ಲಿ ಸಾರ್?" ಅಂತ ಕೇಳುತ್ತಾರೆ. ಇಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ಒಂದು ಫೋಟೋ ತೆಗೆದುಕೊಂಡು ಅಲ್ಲಿಂದಲೇ ವಾಪಸ್. ಇವರು ಅಡ್ಯಾರ್ ನೋಡಿದ ಹಾಗಲ್ಲ, ಹೋಟೆಲಿಗೆ ಹೋಗಿ ಮೆನು ಕಾರ್ಡ್ ಓದಿಕೊಂಡು ಬಂದ ಹಾಗೆ.

ಸಾಗರದ ಕಡೆಯ ನನ್ನ ಸೋದರಮಾವ ಒಮ್ಮೆ ಬಂದಿದ್ದರು. ಅಡಿಕೆ ತೋಟದಲ್ಲೇ ಎಪ್ಪತ್ತು ವರ್ಷ ಕಳೆದವರು. ಮುಕ್ಕಾಲು ಗಂಟೆ ನಡೆದರು, ಮಾತಿಲ್ಲ. ಕೊನೆಗೆ ನಿಂತು ಕೇಳಿದರು, "ಏನೋ ಇದು ತೋಟ ಅಂತೀಯ, ಒಂದು ಅಡಿಕೆ ಮರ ಇಲ್ಲ. ಫಸಲೇ ಇಲ್ಲದ ತೋಟಕ್ಕೆ ಬಾಗಿಲಲ್ಲಿ ಅಷ್ಟು ಜನ ಕಾವಲು ಯಾಕೋ?" ನಾನು ನಕ್ಕು, "ಮಾವ, ಈ ಊರಲ್ಲಿ ನೆರಳೇ ಫಸಲು" ಅಂದೆ. "ಹಾಗಾದ್ರೆ ಸರಿ, ಕಾಯಬೇಕಾದ್ದೇ" ಅಂತ ಒಪ್ಪಿಕೊಂಡು, "ಆದ್ರೆ ಫಸಲು ಕಾದಿಟ್ಟು ಯಾರಿಗೂ ಕೊಡದೇ ಇದ್ದರೆ ಕೊಳೆಯುತ್ತೆ ಅಲ್ವೇನೋ?" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹಕ್ಕೆ ಅದೇ ಕಾರಣ ಅಂದರೂ ತಪ್ಪಿಲ್ಲ.

ಈ ತೋಟ ಜನರಿಗೆ ತೆರೆದಿರುವ ವೇಳೆ ಬಹುಕಾಲ ಹೇಗಿತ್ತು ಅಂದರೆ, ಬೆಳಗ್ಗೆ ಎಂಟೂವರೆಯಿಂದ ಹತ್ತು, ಮಧ್ಯಾಹ್ನ ಎರಡರಿಂದ ನಾಲ್ಕು, ಭಾನುವಾರ ರಜ. ಚೆನ್ನೈಯ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತೋಟ ನೋಡುವ ಪುಣ್ಯಾತ್ಮ ಯಾರು? ಎಂಟೂವರೆಗೆ ಆಫೀಸಿಗೆ ಹೊರಟವನು, ಶಾಲೆಗೆ ಹೋಗುವ ಮಗು, ಕಾರ್ಖಾನೆಯಲ್ಲಿ ಶಿಫ್ಟು ಮಾಡುವವನು, ಯಾರಿಗೂ ಆಗದ ಹೊತ್ತು ಅದು. ರಿಟೈರ್ ಆದವರಿಗೆ, ಪ್ರವಾಸಿಗಳಿಗೆ, ಮನಸ್ಸು ಮಾಡಿದರೆ ನನ್ನಂಥ ಬ್ಲಾಗು ಬರೆಯುವವರಿಗೆ ಆದೀತು. 2020ರಲ್ಲಿ ಕೋವಿಡ್ ಬಂದಾಗ ಎಲ್ಲ ಗೇಟಿನ ಹಾಗೆ ಇದೂ ಮುಚ್ಚಿತು. ಮುಚ್ಚುವುದು ಒಂದು ದಿನದ ಕೆಲಸ, ಮತ್ತೆ ತೆರೆಯುವುದು ಎಷ್ಟು ಕಷ್ಟ ಅಂತ ಆಗ ಊರೆಲ್ಲ ನೋಡಿತು.

ಸೊಸೈಟಿಯವರ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅದು ಅವರ ಸ್ವಂತ ಜಾಗ, ಸರ್ಕಾರದ್ದಲ್ಲ. ಧ್ಯಾನಕ್ಕೆ, ಓದಿಗೆ ಮಾಡಿಕೊಂಡ ಆಶ್ರಮದಂಥ ಸ್ಥಳ, ವಾಕಿಂಗ್ ಟ್ರ್ಯಾಕ್ ಅಲ್ಲ. ಸುತ್ತ ಚದರಡಿಗೆ ಸಾವಿರಾರು ರೂಪಾಯಿ ಬಾಳುವ ಊರಿನ ಮಧ್ಯೆ 260 ಎಕರೆಯನ್ನು ಕಾಂಕ್ರೀಟ್ ಮಾಡದೆ ಉಳಿಸಿದ್ದಾರಲ್ಲ, ಅದಕ್ಕೆ ಕೈ ಮುಗಿಯಬೇಕು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದು ನಗರದಲ್ಲಿ ಸಾವಿರಾರು ಮರ ಉರುಳಿಸಿದಾಗ ಈ ತೋಟಕ್ಕೂ ದೊಡ್ಡ ಪೆಟ್ಟು ಬಿತ್ತು. ಅದನ್ನೆಲ್ಲ ತೆರವು ಮಾಡಿ ಮತ್ತೆ ಗಿಡ ನೆಟ್ಟು ಬೆಳೆಸುವ ಹೊರೆ ಅವರದೇ. ಇನ್ನು ನಮ್ಮ ಜನ! ಬಿಳಲಿಗೆ ಜೋತು ಉಯ್ಯಾಲೆ ಆಡುವುದು, ಚಾಕುವಿನಲ್ಲಿ ಹೆಸರು ಕೆತ್ತುವುದು, ಚಿಪ್ಸ್ ಪ್ಯಾಕೆಟ್ಟು, ಈಗ ಹೊಸದಾಗಿ ರೀಲ್ಸು. ನಮ್ಮ ಬೆಂಗಳೂರಿನ ಪಕ್ಕದ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಿದ್ದೀರಲ್ಲ? ಮೂರು ಎಕರೆಯ ಮರ, ಅಡ್ಯಾರಿನದಕ್ಕಿಂತ ಎಷ್ಟೋ ದೊಡ್ಡದು. ಆದರೆ ಬಜ್ಜಿ ಅಂಗಡಿ, ಕೋತಿ ಕಾಟ, ಬೈಕುಗಳ ನಡುವೆ ಅದರ ಕೆಳಗೆ ಐದು ನಿಮಿಷ ಸುಮ್ಮನೆ ನಿಲ್ಲಲು ಆಗುತ್ತದೆಯೇ? 2024ರಲ್ಲಿ ಅದರ ಒಂದು ಭಾಗ ಮುರಿದು ಬಿದ್ದಾಗ ನನಗೆ ಮೊದಲು ನೆನಪಾಗಿದ್ದು ಬೇರಿನ ಸುತ್ತ ನೆಲ ಗಟ್ಟಿಯಾಗುವಷ್ಟು ತುಳಿದ ಕಾಲುಗಳು. ಅದರಲ್ಲಿ ನಮ್ಮ ಕುಟುಂಬದ ಕಾಲುಗಳೂ ಇವೆ.

ಹಾಗಾಗಿ ಗೇಟು ತೆಗೆದು ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ಗೇಟು ಇರಲಿ, ಕಾವಲುಗಾರನೂ ಇರಲಿ. ಆದರೆ ಒಂಚೂರು ತೆರೆಯಲಿ, ಕೆಲಸ ಮಾಡಿ ಬದುಕುವವನಿಗೆ ಆಗುವ ಹೊತ್ತಿನಲ್ಲಿ ತೆರೆಯಲಿ. ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತು ಸಾಕು. ಇಷ್ಟೇ ಜನ ಅಂತ ಲೆಕ್ಕ ಇಡಿ, ಹೆಸರು ಬರೆಸಿಕೊಳ್ಳಿ, ಬ್ಯಾಗು ಹೊರಗಿಡಿಸಿ, ಮೊಬೈಲನ್ನೂ ಬೇಕಾದರೆ ಇಡಿಸಿಕೊಳ್ಳಿ (ಇದಕ್ಕೆ ನನ್ನ ಮಗಳು ಒಪ್ಪುವುದಿಲ್ಲ). ಇದೇನೂ ಹೊಸದಲ್ಲ. ಅಡ್ಯಾರಿನಲ್ಲೇ, ನದಿಯ ಆಚೆ ದಂಡೆಯ ಕಡೆ 2011ರಲ್ಲಿ ತೆರೆದ ತೊಲ್ಕಾಪ್ಪಿಯ ಪೂಂಗಾದಲ್ಲಿ ಮೊದಲ ವರ್ಷಗಳಲ್ಲಿ ಮುಂಗಡ ಅನುಮತಿ ಪಡೆದ ಸಣ್ಣ ಗುಂಪುಗಳನ್ನೇ ಬಿಡುತ್ತಿದ್ದರು, ಕೆಟ್ಟ ಜೌಗು ಜಾಗ ಚೇತರಿಸಿಕೊಳ್ಳಲಿ ಅಂತ. ಇಂಗ್ಲೆಂಡಿನಲ್ಲಿ 1927ರಿಂದ ಒಂದು ಪದ್ಧತಿ ಇದೆ. ದೊಡ್ಡ ಮನೆಗಳವರು ತಮ್ಮ ಖಾಸಗಿ ತೋಟವನ್ನು ವರ್ಷದಲ್ಲಿ ಕೆಲವು ದಿನ ಜನರಿಗೆ ತೆರೆಯುತ್ತಾರೆ. ಮೊದಲ ವರ್ಷ ತಲೆಗೆ ಒಂದು ಶಿಲ್ಲಿಂಗು, ಆ ದುಡ್ಡು ಮನೆಮನೆಗೆ ಹೋಗುವ ನರ್ಸುಗಳ ನಿಧಿಗೆ. ಈ ತೋಟದ ಮನೆಗಳ ಚಾಳಿ ಇಲ್ಲಿಗೆ ತಂದವರೇ ತಮ್ಮ ಊರಲ್ಲಿ ಗೇಟು ತೆರೆದರು. ನಾವು ಮಾತ್ರ ಅವರು ಬಿಟ್ಟು ಹೋದ ಬೀಗ ಹಿಡಿದುಕೊಂಡು ಕೂತಿದ್ದೇವೆ. ದೆಹಲಿಯ ರಾಷ್ಟ್ರಪತಿ ಭವನದ ತೋಟಕ್ಕೇ ಪ್ರತಿ ವರ್ಷ ಜನರನ್ನು ಬಿಡುತ್ತಾರೆ ಅಂದ ಮೇಲೆ ಉಳಿದವರಿಗೇನು?

ಜನ ಒಳಗೆ ಬಂದರೆ ತೋಟ ಹಾಳಾಗುತ್ತದೆ ಅನ್ನುವವರು ಲಾಲ್‌ಬಾಗ್ ಕಡೆ ನೋಡಬೇಕು. 2025ರಲ್ಲಿ ಸುರಂಗ ರಸ್ತೆಗೆ ಅಲ್ಲಿನ ಸ್ವಲ್ಪ ಜಾಗ ಬೇಕು ಅನ್ನುವ ಮಾತು ಬಂದಾಗ ಬೆಂಗಳೂರು ಸುಮ್ಮನಿರಲಿಲ್ಲ. ದಿನಾ ಬೆಳಗ್ಗೆ ಅಲ್ಲಿ ಸ್ವೆಟರ್ ಹಾಕಿಕೊಂಡು ನಡೆಯುವವರೂ ಎದ್ದು ನಿಂತರು. ಅವರಿಗೆ ಅದು ನಕ್ಷೆಯ ಮೇಲಿನ ಹಸಿರು ಚುಕ್ಕೆಯಾಗಿರಲಿಲ್ಲ, ನಿನ್ನೆ ನಡೆದ ದಾರಿ. ಗವರ್ನಮೆಂಟ್ ಹೌಸಿನ ಗತಿ ಅಡ್ಯಾರಿಗೆ ಎಂದಾದರೂ ಬಂದರೆ ಎದ್ದು ನಿಲ್ಲುವವರು ಯಾರು? ಗೇಟಿನ ಆಚೆ ಏನಿದೆ ಅಂತಲೇ ಗೊತ್ತಿಲ್ಲದ ಬೆಸೆಂಟ್ ನಗರದ ಹುಡುಗರೇ?

ಇದೇ ಗೇಟಿಗೆ ಸಂಬಂಧಿಸಿದ ಒಂದು ಹಳೇ ಸಂಗತಿ ಹೇಳಲೇಬೇಕು. ಜಿಡ್ಡು ಕೃಷ್ಣಮೂರ್ತಿ ಹುಡುಗನಾಗಿದ್ದಾಗ, 1909ರಲ್ಲಿ, ಥಿಯಾಸಫಿಯವರ ಕಣ್ಣಿಗೆ ಬಿದ್ದದ್ದು ಈ ತೋಟದ ಅಂಚಿನ ಸಮುದ್ರ ದಂಡೆಯಲ್ಲಿ. ಜಗದ್ಗುರು ಅಂತ ಬೆಳೆಸಿದರು. 1929ರಲ್ಲಿ ಅವರು ಅದೆಲ್ಲವನ್ನೂ ಕೊಡವಿಕೊಂಡು ಹೊರಟುಬಿಟ್ಟರು. ಆಮೇಲೆ ಮದ್ರಾಸಿಗೆ ಬಂದರೆ ಉಳಿಯುತ್ತಿದ್ದದ್ದು ನದಿಯ ಆಚೆ, ಗ್ರೀನ್‌ವೇಸ್ ರೋಡಿನ ವಸಂತ ವಿಹಾರದಲ್ಲಿ. ಕೂಗಿದರೆ ಕೇಳುವಷ್ಟು ದೂರ, ಆದರೆ ಸುಮಾರು ಅರ್ಧ ಶತಮಾನ ಈ ಆವರಣದೊಳಗೆ ಕಾಲಿಡಲಿಲ್ಲ. 1980ರಲ್ಲಿ ರಾಧಾ ಬರ್ನಿಯರ್ ಸೊಸೈಟಿಯ ಅಧ್ಯಕ್ಷೆಯಾದ ಮೇಲೆ ಅವರನ್ನು ಒಳಗೆ ಕರೆದರು. ಎಂಬತ್ತೈದರ ಮುದುಕ ಗೇಟು ದಾಟಿ, ತಾನು ಹುಡುಗನಾಗಿ ಓಡಾಡಿದ ಮರಗಳ ಕೆಳಗೆ ನಡೆದು ಸಮುದ್ರದವರೆಗೂ ಹೋದರು. ಅಷ್ಟು ದೊಡ್ಡ ಜಗಳ ಆಡಿ ಹೋದವರಿಗೇ ತೆರೆದ ಗೇಟು ಅದು. ಜಗಳವೇ ಆಡದ ನಮಗೆ ತೆರೆಯಲು ಏನು ಕಷ್ಟ? ಅಂದ ಹಾಗೆ ವಸಂತ ವಿಹಾರಕ್ಕೂ ಒಮ್ಮೆ ಹೋಗಿ ಬನ್ನಿ. ಪುಟ್ಟ ತೋಟ, ಒಳಗೆ ಓದುವ ಕೋಣೆ.

ಇದೆಲ್ಲ ಈಗಲೇ ಹೇಳಲು ಇನ್ನೊಂದು ಕಾರಣ ಗಿಂಡಿ. ಅಲ್ಲಿನ ಹಳೇ ತೋಟದ ಮನೆ ಈಗ ರಾಜ್ಯಪಾಲರ ನಿವಾಸ. ಅದರ ಸುತ್ತಲಿನ ಕಾಡಿನಲ್ಲೇ ಐಐಟಿಗೆ ಜಾಗ ಕೊಟ್ಟರು, ಗಾಂಧಿ ಮಂಟಪಕ್ಕೆ, ಕಾಮರಾಜರ ಸ್ಮಾರಕಕ್ಕೆ ಕೊಟ್ಟರು, ಉಳಿದ 2.7 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವಾಯಿತು. ಪಕ್ಕದ ರೇಸ್ ಕೋರ್ಸಿನ ಸುಮಾರು 160 ಎಕರೆಯನ್ನು 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು, ಅದರ ಬಹುಪಾಲನ್ನು ದೊಡ್ಡ ಪಾರ್ಕು ಮಾಡುವುದಾಗಿ ಹೇಳಿತು. ಕೋರ್ಟಿಗೂ ಹೋಯಿತು ವಿಷಯ. ಪಾರ್ಕು ಆಗುವುದೇ ಆದರೆ ದಯವಿಟ್ಟು ಇನ್ನೊಂದು ಜಿಪ್‌ಲೈನು ಬೇಡ. ಹೊಂಗೆ, ಬೇವು, ಹುಣಸೆ ನೆಡಿ, ಒಂದಿಷ್ಟು ಮಣ್ಣಿನ ದಾರಿ ಬಿಡಿ, ಕುಡಿಯುವ ನೀರು, ಶುಚಿಯಾದ ಶೌಚಾಲಯ. ಇಪ್ಪತ್ತು ವರ್ಷ ಕಾದರೆ ಅದೂ ಒಂದು ಅಡ್ಯಾರ್ ಆದೀತು.

ಅಡ್ಯಾರಿಗೆ ಹೋಗುವ ಮನಸ್ಸಾದರೆ ಮೊದಲು ವೇಳೆ ವಿಚಾರಿಸಿಕೊಳ್ಳಿ, ಆಗಾಗ ಬದಲಾಗುತ್ತಿರುತ್ತದೆ. ಜನವರಿ, ಫೆಬ್ರವರಿ ಒಳ್ಳೆಯ ಕಾಲ. ನೀರಿನ ಬಾಟಲಿ ಇರಲಿ, ತಿಂಡಿ ಬೇಡ. ಆಲದ ಮರ ನೋಡಿ, ಆದರೆ ಅಲ್ಲಿಂದಲೇ ತಿರುಗಬೇಡಿ, ಇನ್ನೂ ಒಂದು ಇಪ್ಪತ್ತು ನಿಮಿಷ ಯಾವುದಾದರೂ ದಾರಿ ಹಿಡಿದು ಸುಮ್ಮನೆ ನಡೆಯಿರಿ. ಹೊರಗೆ ಬರುವಾಗ ಗೇಟಿನ ಹತ್ತಿರ ಸಂದರ್ಶಕರ ಪುಸ್ತಕವೇನಾದರೂ ಇದ್ದರೆ "ಭಾನುವಾರ ಬೆಳಗ್ಗೆಯೂ ತೆರೆಯಿರಿ" ಅಂತ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಸೊಸೈಟಿಗೆ ಒಂದು ಕಾಗದ ಹಾಕಿ. ನಾನು ಹೋದ ವಾರ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.